ಮೊದಲ ಸಂಬಳ ಮತ್ತು ಎರಡು ವರ್ಷದ ಕಾಗದ

ನರ್ಸಿಂಗ್ ಮುಗಿಸಿ ಬ್ಯಾಗು ಹಿಡಿದು ಊರಿಗೆ ಬಂದ ಹುಡುಗಿಗೆ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ಕೇಳುವ ಪ್ರಶ್ನೆ ಒಂದೇ: ‘ಕೆಲಸ ಸಿಕ್ತೇನಮ್ಮ? ಎಷ್ಟು ಕೊಡ್ತಾರಂತೆ?’ ಕೆಲಸ ಸಿಗುವುದು ಕಷ್ಟವೇನಲ್ಲ. ಎಷ್ಟು ಎಂಬುದಕ್ಕೆ ಮಾತ್ರ ಅವಳು ನಕ್ಕು ಮುಂದೆ ಹೋಗುತ್ತಾಳೆ. ಓದಿಸಲು ಅಪ್ಪ ಮಾಡಿದ ಸಾಲ ಬೀದಿಗೆಲ್ಲ ಗೊತ್ತು. ಐ.ಟಿ.ಐ. ಓದಿ ಬಿಡದಿಯ ಕಾರ್ಖಾನೆ ಸೇರಿದ ಪಕ್ಕದ ಮನೆಯ ಹುಡುಗನ ಸಂಬಳವೂ ಬೀದಿಗೆ ಗೊತ್ತು. ತನ್ನದು ಅದಕ್ಕಿಂತ ಕಡಿಮೆ ಎಂದು ನಡುಬೀದಿಯಲ್ಲಿ ನಿಂತು ಹೇಳಲು ಯಾರಿಗೆ ತಾನೇ ಮನಸ್ಸು ಬಂದೀತು?

ಹೊಸ ನರ್ಸ್‌ಗೆ ‘ಇಷ್ಟು’ ಎಂಬ ಒಂದು ಸಂಬಳ ನಮ್ಮಲ್ಲಿಲ್ಲ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಆಗಲಿ, ನಾಲ್ಕು ವರ್ಷದ ಬಿ.ಎಸ್ಸಿ. ಆಗಲಿ, ಮುಗಿಸಿದವರೆಲ್ಲ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ‘ಆರ್.ಎನ್., ಆರ್.ಎಂ.’ (ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ) ಆಗುತ್ತಾರೆ. ನೋಂದಣಿ ಒಂದೇ. ಅದನ್ನು ಹಿಡಿದು ಯಾವ ಗೇಟಿನೊಳಗೆ ಕಾಲಿಟ್ಟಿರಿ ಎಂಬುದರ ಮೇಲೆ ಸಂಬಳ ಎಂಟೊಂಬತ್ತು ಪಟ್ಟಿನವರೆಗೂ ಹೆಚ್ಚುಕಡಿಮೆಯಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿನ ನರ್ಸಿಂಗ್ ಆಫೀಸರ್ ಹುದ್ದೆ, ದೆಹಲಿಯ ಏಮ್ಸ್‌ನಲ್ಲಿರುವಂತೆಯೇ, ಏಳನೇ ವೇತನ ಆಯೋಗದ ಏಳನೇ ಹಂತದ್ದು. ಮೂಲವೇತನ 44,900 ರೂಪಾಯಿಯಿಂದ ಶುರು. 2025ರ ಜುಲೈಯಿಂದ ಜಾರಿಯಾದ ಶೇ. 58ರ ತುಟ್ಟಿಭತ್ಯೆ ಹಿಡಿದರೆ ಅದು 70,942 ಆಯಿತು. ಬೆಂಗಳೂರಿನಂಥ ದೊಡ್ಡ ನಗರಕ್ಕೆ ಮೂಲವೇತನದ ಶೇ. 30ರಷ್ಟು ಮನೆಬಾಡಿಗೆ ಭತ್ಯೆ, ಜೊತೆಗೆ 9,000 ರೂಪಾಯಿ ನರ್ಸಿಂಗ್ ಭತ್ಯೆ ಸೇರಿದಾಗ, ಕಡಿತಕ್ಕೆ ಮುಂಚಿನ ಮೊತ್ತ ತೊಂಬತ್ತು ಸಾವಿರ ದಾಟುತ್ತದೆ. ಅದೇ ಊರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ‘ಫ್ರೆಷರ್’ಗೆ ಹೇಳುವ ಮೊತ್ತ ಹದಿನೆಂಟರಿಂದ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ಓಡಾಡುತ್ತದೆ. ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹತ್ತು–ಹನ್ನೆರಡು ಸಾವಿರಕ್ಕೂ ಡ್ಯೂಟಿ ಮಾಡುವವರಿದ್ದಾರೆ. ರಾಜ್ಯ ಸರ್ಕಾರದ ಕಾಯಂ ಹುದ್ದೆ ಕೇಂದ್ರದ ಸಂಬಳಕ್ಕೂ ಖಾಸಗಿಯ ಸಂಬಳಕ್ಕೂ ನಡುವೆ ನೆಮ್ಮದಿಯ ಜಾಗ; 2024ರ ಆಗಸ್ಟ್ 1ರಿಂದ ರಾಜ್ಯದ ಏಳನೇ ವೇತನ ಆಯೋಗ ಜಾರಿಯಾದಾಗ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 17,000ದಿಂದ 27,000ಕ್ಕೆ ಏರಿತು, ನರ್ಸ್‌ಗಳ ಶ್ರೇಣಿ ಅದಕ್ಕಿಂತ ಸಾಕಷ್ಟು ಮೇಲಿದೆ. ಅದೇ ವಾರ್ಡಿನಲ್ಲಿ, ಅದೇ ಸೂಜಿ ಹಿಡಿದು ಗುತ್ತಿಗೆಯ ಮೇಲೆ ದುಡಿಯುವವರ ಲೆಕ್ಕ ಬೇರೆ, ಅದು ಬಹಳ ಕೆಳಗೆ.

ಕೆಲಸ ಒಂದೇ ಆಗಿ ಕೂಲಿ ಇಷ್ಟು ಹರಿದು ಹಂಚಿಹೋಗಿರುವುದೇಕೆ? ಸುಲಭವಾಗಿ ಸಿಗುವ ಉತ್ತರ, ಜನ ಜಾಸ್ತಿ ಎಂಬುದು. ಅದರಲ್ಲಿ ಸತ್ಯವಿದೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳ ಮಕ್ಕಳೆಲ್ಲ ಇಲ್ಲಿಗೇ ಬಂದು ಓದುತ್ತಾರೆ. ಎಷ್ಟೋ ಆಸ್ಪತ್ರೆಗಳಿಗೆ ಅಂಟಿಕೊಂಡೇ ಕಾಲೇಜಿದೆ. ಕೊನೆಯ ವರ್ಷದ ವಿದ್ಯಾರ್ಥಿನಿ ವಾರ್ಡ್ ಪೋಸ್ಟಿಂಗ್ ಹೆಸರಿನಲ್ಲಿ ಸಂಬಳವಿಲ್ಲದೆ ಬಿ.ಪಿ. ನೋಡುತ್ತ, ಡ್ರೆಸಿಂಗ್ ಮಾಡುತ್ತ ನಿಂತಿರುವಾಗ ಹೊಸಬಳನ್ನು ಸಂಬಳ ಕೊಟ್ಟು ತರುವ ಅವಸರ ಯಾರಿಗೂ ಇರುವುದಿಲ್ಲ. ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ಅರ್ಧ ಕಥೆಯಾಯಿತು. ಜನ ಅಷ್ಟು ಜಾಸ್ತಿಯಿದ್ದಲ್ಲಿ ಪ್ರತಿ ಆಸ್ಪತ್ರೆಯ ಬಾಗಿಲಲ್ಲೂ ವರ್ಷವಿಡೀ ‘ನರ್ಸ್ ಬೇಕಾಗಿದ್ದಾರೆ’ ಎಂಬ ಬೋರ್ಡು ಏಕೆ ತೂಗುತ್ತಿರುತ್ತದೆ?

ಮಿಕ್ಕರ್ಧ ಕಥೆ ಅಡಗಿರುವುದು ಒಂದು ಕಾಗದದಲ್ಲಿ. ಅನುಭವ ಪ್ರಮಾಣಪತ್ರ, ಹಾಸ್ಟೆಲ್ ಭಾಷೆಯಲ್ಲಿ ‘ಎಕ್ಸ್‌ಪೀರಿಯೆನ್ಸ್’. ದುಬೈ, ಕತಾರ್, ಸೌದಿ ಕಡೆಯ ಬಹುತೇಕ ಹುದ್ದೆಗಳು ಎರಡು ವರ್ಷದ ಅನುಭವ ಕೇಳುತ್ತವೆ. ನಮ್ಮ ದೇಶದೊಳಗಿನ ಒಳ್ಳೆಯ ಬಾಗಿಲೂ ಅದನ್ನೇ ಕೇಳುತ್ತದೆ: ನರ್ಸಿಂಗ್ ಆಫೀಸರ್ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಕೂರಬಹುದು, ಜಿ.ಎನ್.ಎಂ. ಓದಿದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕೆಂಬ ಷರತ್ತು. ಹೀಗಾಗಿ ಮೊದಲ ಎರಡು ವರ್ಷ ಹುಡುಗಿ ಸಂಬಳಕ್ಕಾಗಿ ದುಡಿಯುವುದಿಲ್ಲ, ಕಾಗದಕ್ಕಾಗಿ ದುಡಿಯುತ್ತಾಳೆ. ಇದು ಆಡಳಿತ ಮಂಡಳಿಗೂ ಚೆನ್ನಾಗಿ ಗೊತ್ತು. ಹೇಗೂ ಎರಡು ವರ್ಷಕ್ಕೆ ಹಾರಿಹೋಗುವ ಹಕ್ಕಿಗೆ ಕಾಳು ಹೆಚ್ಚು ಹಾಕುವುದೇಕೆ ಎಂದು ಅವರು, ಹೇಗೂ ಎರಡು ವರ್ಷಕ್ಕೆ ಬಿಡುವ ಕೆಲಸಕ್ಕೆ ಜಗಳವೇಕೆ ಎಂದು ಇವಳು. ಬೋರ್ಡು ಇಳಿಯದಿರುವುದೂ, ಸಂಬಳ ಏರದಿರುವುದೂ ಇದರಿಂದಲೇ ಎಂಬುದು ನನ್ನ ಲೆಕ್ಕಾಚಾರ. ಸಂಬಳದ ಒಂದು ಪಾಲನ್ನು ಆಸ್ಪತ್ರೆ ದುಡ್ಡಿನಲ್ಲಿ ಕೊಡುತ್ತಿದೆ, ಇನ್ನೊಂದು ಪಾಲನ್ನು ಲೆಟರ್‌ಹೆಡ್ಡಿನಲ್ಲಿ.

ದುಡ್ಡಿನ ಪಾಲನ್ನಾದರೂ ಸರಿಯಾಗಿ ಓದಲು ಕಲಿಯೋಣ. ಸಂದರ್ಶನದಲ್ಲಿ ಎಚ್.ಆರ್.ನವರು ‘ಇಪ್ಪತ್ತು ಸಾವಿರ ಸಿ.ಟಿ.ಸಿ.’ ಎಂದರೆಂದುಕೊಳ್ಳಿ. ಸಿ.ಟಿ.ಸಿ. ಅಂದರೆ ನಿಮ್ಮ ಮೇಲೆ ಆಸ್ಪತ್ರೆ ಮಾಡುವ ಒಟ್ಟು ಖರ್ಚು, ನಿಮ್ಮ ಸಂಬಳವಲ್ಲ. ಪಿ.ಎಫ್. ಲೆಕ್ಕಕ್ಕೆ ಹಿಡಿಯುವ ಮೂಲವೇತನ 12,000 ಎಂದು ಇಟ್ಟುಕೊಂಡರೆ, ಅದರ ಶೇ. 12, ಅಂದರೆ 1,440 ರೂಪಾಯಿ ಮಾಲೀಕರ ಪಾಲು ಆ ಇಪ್ಪತ್ತರೊಳಗೇ ಸೇರಿದೆ. ಇ.ಎಸ್.ಐ.ಗೆ ಅವರು ಕಟ್ಟುವ ಶೇ. 3.25, ಸುಮಾರು 584 ರೂಪಾಯಿ, ಅದೂ ಅದರೊಳಗೇ. ಉಳಿದದ್ದು 17,976. ಇದರಿಂದ ನಿಮ್ಮ ಪಾಲಿನ ಪಿ.ಎಫ್. ಮತ್ತೆ 1,440, ಇ.ಎಸ್.ಐ. ಶೇ. 0.75ರಂತೆ 135. ಕೈಗೆ ಬರುವುದು 16,401. ಹಾಸ್ಟೆಲ್ಲು, ಮೆಸ್ಸು ಎಂದು ನಾಲ್ಕು ಸಾವಿರ ಹಿಡಿದರೆ ಊರಿಗೆ ಕಳಿಸಲು ಏನುಳಿಯಿತೆಂದು ನೀವೇ ನೋಡಿ. ಇಪ್ಪತ್ತು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿ, ತಿಂಗಳ ಕೊನೆಗೆ ಹನ್ನೆರಡು ಕಂಡಾಗ ಅಮ್ಮ ‘ಮಿಕ್ಕಿದ್ದೇನಾಯ್ತೇ?’ ಎಂದು ಕೇಳುವುದು ಸಹಜ.

ಹಾಗೆಂದು ಈ ಕಡಿತಗಳ ಮೇಲೆ ಸಿಟ್ಟಾಗಬೇಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಅನ್ವಯಿಸುವ ಇ.ಎಸ್.ಐ.ನಲ್ಲಿ ಆ 135 ರೂಪಾಯಿಗೆ ನಿಮ್ಮ ಚಿಕಿತ್ಸೆ, ನಿಮ್ಮನ್ನೇ ನಂಬಿರುವ ಅಪ್ಪ–ಅಮ್ಮನ ಚಿಕಿತ್ಸೆ, ಮುಂದೆ 26 ವಾರಗಳ ಹೆರಿಗೆ ರಜೆಯ ವೇತನ, ಎಲ್ಲವೂ ಬರುತ್ತದೆ. (ನಗರದ ನುರಿತ ವೈದ್ಯರ ಪಕ್ಕದಲ್ಲೇ ದಿನವಿಡೀ ನಿಲ್ಲುವ ನರ್ಸ್, ತನಗೆ ಜ್ವರ ಬಂದಾಗ ಇ.ಎಸ್.ಐ. ಡಿಸ್ಪೆನ್ಸರಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಇದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ಇನ್ನೂ ತಿಳಿದಿಲ್ಲ.) ಭಯಪಡಬೇಕಾದದ್ದು ಕಡಿತವೇ ಇಲ್ಲದ ಸಂಬಳಕ್ಕೆ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಮೊತ್ತವನ್ನು ಗಂಟೆಗೆ ಇಳಿಸಿ ನೋಡುವ ಅಭ್ಯಾಸವೂ ಒಳ್ಳೆಯದು. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಹಿಡಿದರೆ ಮೇಲಿನ 16,401 ರೂಪಾಯಿ ಗಂಟೆಗೆ 79 ಆಗುತ್ತದೆ. ಆದರೆ ಯಾವ ನರ್ಸ್ ಎಂಟು ಗಂಟೆಗೆ ಹೊರಡುತ್ತಾಳೆ? ಹ್ಯಾಂಡೋವರ್ ಕೊಡಬೇಕು, ಫೈಲು ಬರೆಯಬೇಕು, ಮುಂದಿನ ಪಾಳಿಯವಳ ಬಸ್ಸು ತಡವಾದರೆ ಕಾಯಬೇಕು. ಒಂದೇ ಗಂಟೆ ಹೆಚ್ಚಾದರೂ ಅದು 70ಕ್ಕೆ ಇಳಿಯಿತು. ನಮ್ಮ ಆಸ್ಪತ್ರೆಗಳಲ್ಲಿ ‘ಓ.ಟಿ.’ ಅಂದರೆ ಆಪರೇಷನ್ ಥಿಯೇಟರ್ ಮಾತ್ರ; ಓವರ್‌ಟೈಮ್ ಎಂಬ ಇನ್ನೊಂದು ಅರ್ಥ ಅದಕ್ಕಿದೆಯೆಂದು ಬಹಳ ಕಡೆ ಯಾರಿಗೂ ನೆನಪಿಲ್ಲ. ಇದಕ್ಕೂ ಮುಖ್ಯವಾದದ್ದು ರೋಗಿಗಳ ಎಣಿಕೆ. ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಐ.ಸಿ.ಯು.ನಲ್ಲಿ ಒಬ್ಬರಿಗೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಹದಿನೈದು ಹಾಸಿಗೆಗಳನ್ನು ಒಬ್ಬಳೇ ನೋಡಿದವಳಿಗೆ ಈ ಮಾನದಂಡ ಓದಿ ಹೇಳಿದರೆ ಅವಳು ನಿಮ್ಮನ್ನು ಒಂಥರಾ ನೋಡುತ್ತಾಳೆ. ಸಂದರ್ಶನದಲ್ಲಿ ಸಂಬಳ ಕೇಳುವುದಕ್ಕಿಂತ ಮೊದಲು ‘ಮೇಡಂ, ನೈಟ್ ಡ್ಯೂಟಿಯಲ್ಲಿ ಒಬ್ಬರಿಗೆ ಎಷ್ಟು ಪೇಷೆಂಟ್ ಬರ್ತಾರೆ?’ ಎಂದು ಕೇಳಿ. ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂಬುದೇ ಅರ್ಧ ಉತ್ತರ.

ಸಂಬಳದ ಈ ತಾರತಮ್ಯ ನ್ಯಾಯಾಲಯದ ಕಣ್ಣಿಗೆ ಬೀಳದೆ ಇಲ್ಲ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಹೂಡಿದ ಮೊಕದ್ದಮೆಯಲ್ಲಿ 2016ರ ಜನವರಿ 29ರಂದು ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆ ನರ್ಸ್‌ಗಳ ವೇತನ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಸಮಿತಿ ಹಾಸಿಗೆಗಳ ಲೆಕ್ಕದಲ್ಲಿ ಸೂತ್ರ ಕಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100 ದಾಟಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ರ ನಡುವೆ ಶೇ. 25. ಐವತ್ತಕ್ಕಿಂತ ಸಣ್ಣದಾದರೂ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಓದಲು ಚೆಂದ. ಆದರೆ ಇದು ಶಿಫಾರಸು. ಕಾನೂನಾಗಿಸುವ ಹೊಣೆ ರಾಜ್ಯಗಳದು.

ಅದನ್ನು ಬೀದಿಗಿಳಿದು ಕೇಳಿದವರು ಕೇರಳದ ನರ್ಸ್‌ಗಳು. 2011ರಲ್ಲಿ ಹುಟ್ಟಿದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ವರ್ಷಗಟ್ಟಲೆ ಮುಷ್ಕರ ನಡೆಸಿತು. 2018ರ ಏಪ್ರಿಲ್‌ನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡುವುದೆಂದು ಘೋಷಿಸಿತು. ನಡಿಗೆ ಶುರುವಾಗುವ ಹಿಂದಿನ ದಿನ, ಏಪ್ರಿಲ್ 23ರಂದು, ಸರ್ಕಾರ ಕನಿಷ್ಠ ಮೂಲವೇತನ 20,000 ಎಂದು ಅಧಿಸೂಚನೆ ಹೊರಡಿಸಿತು. ಹೆಜ್ಜೆ ಹಾಕುವ ಮೊದಲೇ ದಾರಿ ಮುಗಿದಂತಾಯಿತು. ನಮ್ಮಲ್ಲಿಯೂ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳು ಕನಿಷ್ಠ ವೇತನದ ಪಟ್ಟಿಯಲ್ಲಿವೆ, ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಇಲಾಖೆಯ ಆ ದರಪಟ್ಟಿಯನ್ನು ಒಮ್ಮೆ ತೆರೆದು ನೋಡದೆ ನೇಮಕಾತಿ ಪತ್ರಕ್ಕೆ ಸಹಿ ಹಾಕಬೇಡಿ.

ಸಹಿ ಎಂದಾಗ ಬಾಂಡ್ ನೆನಪಾಗುತ್ತದೆ. ‘ಎರಡು ವರ್ಷ ಬಿಟ್ಟುಹೋಗುವುದಿಲ್ಲ, ಹೋದರೆ ಇಷ್ಟು ಹಣ ಕಟ್ಟುತ್ತೇನೆ’ ಎಂಬ ಕರಾರು. ಬಾಂಡಿಗೆ ಕಿಮ್ಮತ್ತೇ ಇಲ್ಲ ಎಂದು ಹಾಸ್ಟೆಲ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ. ಅದನ್ನು ಪೂರ್ತಿ ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದ ಸೇವೆಗೆ ಎರಡು ಲಕ್ಷದ ಕರಾರನ್ನು ಎತ್ತಿಹಿಡಿದಿದೆ. ಅದು ಬ್ಯಾಂಕ್ ಅಧಿಕಾರಿಯ ಸಂಬಳದ ಮಾತು. ಹದಿನಾರು ಸಾವಿರದವಳಿಗೆ ಅದೇ ಎರಡು ಲಕ್ಷ ಹೇರಿದರೆ ಅದು ಸಮಂಜಸವೇ ಎಂಬ ಪ್ರಶ್ನೆ ಎತ್ತಲು ಜಾಗವಿದೆ. ಮೂಲ ಅಂಕಪಟ್ಟಿ, ನೋಂದಣಿ ಪತ್ರಗಳನ್ನು ಅಡವಿಟ್ಟ ಹಾಗೆ ಕಪಾಟಿನಲ್ಲಿಟ್ಟುಕೊಳ್ಳುವ ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ತೋರಿಸಿ, ನಕಲು ಕೊಡಿ, ಮೂಲ ಪ್ರತಿ ನಿಮ್ಮ ಬ್ಯಾಗಿನಲ್ಲೇ ವಾಪಸು ಬರಲಿ.

ವಿದೇಶದ ಸಂಬಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪ್ರತಿ ಹಾಸ್ಟೆಲ್ ಕೋಣೆಯಲ್ಲೂ ಅದರ ತಜ್ಞರಿದ್ದಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ನರ್ಸ್ ಸೇರುವ ಬ್ಯಾಂಡ್ 5ರ ಆರಂಭ 2025–26ಕ್ಕೆ ವರ್ಷಕ್ಕೆ 31,049 ಪೌಂಡ್. ರೂಪಾಯಿಗೆ ಗುಣಿಸಿ ಖುಷಿಪಡುವ ಮೊದಲು ಅಲ್ಲಿನ ತೆರಿಗೆ, ಬಾಡಿಗೆಗಳನ್ನೂ ಗುಣಿಸಿಕೊಳ್ಳಿ. ಕೊಲ್ಲಿ ದೇಶಗಳಿಗೆ ಕಳಿಸುವ ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಅಷ್ಟೇ. ಲಕ್ಷಗಳಲ್ಲಿ ಮಾತಾಡುವವನ ಅಂಗಡಿಯಲ್ಲಿ ಕೂರಬೇಡಿ.

ಈಗ ಕಡಿತವಿಲ್ಲದ ಸಂಬಳದ ವಿಷಯ. ಕೆಲವು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಪಿ.ಎಫ್. ಇಲ್ಲ, ಪೇಸ್ಲಿಪ್ ಇಲ್ಲ, ತಿಂಗಳ ಐದನೇ ತಾರೀಕು ಕವರಿನಲ್ಲಿ ನೋಟು. ಕಡಿತವಿಲ್ಲದೆ ಪೂರ್ತಿ ಕೈಗೆ ಬಂತೆಂದು ಹುಡುಗಿಗೆ ಸಮಾಧಾನ. ಎರಡು ವರ್ಷ ಕಳೆದು ಅವಳು ದುಬೈಗೆ ಅರ್ಜಿ ಹಾಕುತ್ತಾಳೆ. ಅಲ್ಲಿನವರು ಅನುಭವ ಪತ್ರವನ್ನು ನೋಡಿ ಸುಮ್ಮನಾಗುವುದಿಲ್ಲ. ಡೇಟಾಫ್ಲೋ ಎಂಬ ಪರಿಶೀಲನಾ ಸಂಸ್ಥೆಯ ಮೂಲಕ, ಪತ್ರ ಕೊಟ್ಟ ಆಸ್ಪತ್ರೆಯನ್ನೇ ಕೇಳಿಸುತ್ತಾರೆ: ಈಕೆ ನಿಮ್ಮಲ್ಲಿ ಇದ್ದಳೇ, ಯಾವ ಹುದ್ದೆಯಲ್ಲಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ? ಅಷ್ಟರಲ್ಲಿ ಡಾಕ್ಟರು ಆಸ್ಪತ್ರೆ ಮಾರಿಬಿಟ್ಟಿರಬಹುದು, ಮೇಟ್ರನ್ ಬೇರೆಡೆ ಹೋಗಿರಬಹುದು, ರಿಜಿಸ್ಟರಿನಲ್ಲಿ ಅವಳ ಹೆಸರೇ ಇರಲಿಕ್ಕಿಲ್ಲ. ಪ್ರತಿ ತಿಂಗಳೂ 1,440 ರೂಪಾಯಿ ಕಡಿತಗೊಂಡ ಪಿ.ಎಫ್. ಪಾಸ್‌ಬುಕ್ ಇದ್ದವಳ ಬಳಿ ತಿಂಗಳು ತಿಂಗಳಿನ ಸಾಕ್ಷಿಯಿದೆ. ಇವಳ ಬಳಿ ಇರುವುದು ಖರ್ಚಾಗಿಹೋದ ಇಪ್ಪತ್ನಾಲ್ಕು ಕವರು.