ಆರ್‌ಎಕ್ಸ್ 100: ಒಂದು ಮೋಟಾರು ಸೈಕಲ್ಲಿನ ಉತ್ಪಾದನಾ ವೃತ್ತಾಂತ

ಬೀದರಿನಿಂದ ಭಾಲ್ಕಿಗೆ ರೈಲುಮಾರ್ಗವುಂಟು. ಮಾಂಜ್ರಾ ನದಿಯನ್ನು ದಾಟಿ ಔರಾದಕ್ಕೆ ಹೋಗುವವರಿಗಾದರೋ ರಸ್ತೆಯೇ ಗತಿ. ಇಂಥ ಸೀಮೆಯಲ್ಲಿ ಹಗುರವಾದ ಮೋಟಾರು ಸೈಕಲ್ಲಿಗೆ ಬೆಲೆ ಬರುವುದು ಸಹಜವೇ. ಜಪಾನಿನ ಯಮಾಹಾ ಸಂಸ್ಥೆಯು ರೂಪಿಸಿದ ಆರ್‌ಎಕ್ಸ್ 100 ಭಾರತದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ. ಇಷ್ಟು ಜನಪ್ರಿಯವಾದ ಗಾಡಿಯ ತಯಾರಿಕೆಯು ಏಕೆ ನಿಂತಿತೆಂಬುದನ್ನು ಇಲ್ಲಿ ವಿವೇಚಿಸಲು ಬಯಸುತ್ತೇವೆ. ಕೊಳ್ಳುವವರಿಲ್ಲದೆ ನಿಂತಿತೆಂದು ಊಹಿಸಿದರೆ ತಪ್ಪಾದೀತು. ಕಾರಣವು ಯಂತ್ರದ ಗರ್ಭದಲ್ಲಿಯೇ ಇದ್ದಿತು.

1980ರ ದಶಕದ ಆದಿಯಲ್ಲಿ ಭಾರತ ಸರಕಾರವು 100 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ತಯಾರಿಕೆಗೆ ವಿದೇಶೀ ಸಹಯೋಗವನ್ನು ಅನುಮತಿಸಿತು. 1984ರಲ್ಲಿ ನಮ್ಮ ಗಡಿಗೆ ಹೊಂದಿದ ಹೊಸೂರಿನಿಂದ ಸುಜುಕಿ ಸಹಯೋಗದ ಗಾಡಿಯು ಹೊರಬಂದಿತು; 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬುದೂ ಬಂದಿತು. ಎಸ್ಕಾರ್ಟ್ಸ್ ಸಂಸ್ಥೆಯು ಇದಕ್ಕೆ ಮುಂಚೆ, 1983ರಲ್ಲಿ, ಯಮಾಹಾ ಮಾದರಿಯ ರಾಜದೂತ್ 350ನ್ನು ತಯಾರಿಸಿ ನೋಡಿತ್ತು. ಅದು ವೇಗದಲ್ಲಿ ಅಸಾಧಾರಣವಾದುದು. ಪೆಟ್ರೋಲು ಕುಡಿಯುವುದರಲ್ಲಿಯೂ ಹಾಗೆಯೇ. ಆ ದಶಕದ ಕೊನೆಗೆ ಅದು ಮರೆಯಾಯಿತು. ಗೆದ್ದದ್ದು ಚಿಕ್ಕದಾದ ಆರ್‌ಎಕ್ಸ್ 100: ಒಂದೇ ಸಿಲಿಂಡರು, 98 ಸಿ.ಸಿ., ಸುಮಾರು 11 ಅಶ್ವಶಕ್ತಿ, ತೂಕ ನೂರು ಕಿಲೋಗ್ರಾಮಿಗಿಂತ ತುಸು ಹೆಚ್ಚು.

ಇದು ಟೂ-ಸ್ಟ್ರೋಕ್ ಯಂತ್ರ. ಪಿಸ್ಟನ್ನು ಒಮ್ಮೆ ಏರಿ ಇಳಿಯುವಷ್ಟರಲ್ಲಿ ಇಂಧನವು ಒಮ್ಮೆ ಉರಿಯುತ್ತದೆ. ಪಿಸ್ಟನ್ನು ಏರುವಾಗ ಪೆಟ್ರೋಲು-ಗಾಳಿಗಳ ಮಿಶ್ರಣವು ಕೆಳಗಿನ ಪೆಟ್ಟಿಗೆಯೊಳಕ್ಕೆ ಸೆಳೆಯಲ್ಪಡುತ್ತದೆ; ಇಳಿಯುವಾಗ ಒತ್ತಲ್ಪಟ್ಟು ಮೇಲಣ ಸಿಲಿಂಡರಿಗೆ ನುಗ್ಗುತ್ತದೆ. ಒಳಬಂದ ಮಿಶ್ರಣವು ಬಂದ ದಾರಿಯಲ್ಲಿ ಹಿಂದಿರುಗದಂತೆ ತಡೆಯುವುದು ರೀಡ್ ವಾಲ್ವ್ ಎಂಬ ತೆಳು ನಾಲಗೆ. ಕಮ್ಮಾರನ ತಿದಿಯನ್ನು ಕಂಡವರಿಗೆ ಇದು ಹೊಸದಲ್ಲ: ತಿದಿಯ ಬಾಯಿಯ ಮುಚ್ಚಳವು ಗಾಳಿಯನ್ನು ಒಳಬಿಡುತ್ತದೆ, ಹೊರಬಿಡದು. ಚಿಕ್ಕ ಯಂತ್ರವು ನಿಧಾನಗತಿಯಲ್ಲಿಯೂ ಚುರುಕಾಗಿ ಎಳೆಯುವುದಕ್ಕೆ ಈ ನಾಲಗೆಯೇ ಬಹುಮಟ್ಟಿಗೆ ಕಾರಣ.

ಆದರೆ ಒಂದು ಬಾಗಿಲನ್ನು ಭದ್ರಪಡಿಸಿದರೂ ಇನ್ನೊಂದು ತೆರೆದೇ ಉಳಿಯಿತು. ಹೊಸ ಮಿಶ್ರಣವು ಸಿಲಿಂಡರಿಗೆ ನುಗ್ಗುವ ಹೊತ್ತಿನಲ್ಲಿಯೇ ಸುಟ್ಟ ಅನಿಲವು ಹೋಗುವ ರಂಧ್ರವೂ ತೆರೆದಿರುವುದರಿಂದ, ಉರಿಯದ ಪೆಟ್ರೋಲಿನ ಒಂದಂಶವು ಹಾಗೆಯೇ ಹೊರಬೀಳುತ್ತದೆ. ಜೊತೆಗೆ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಈ ಗಾಡಿಯ ಧ್ವನಿಯನ್ನು ಮೆಚ್ಚುವವರಲ್ಲಿ ನಾವೂ ಸೇರಿದ್ದೇವೆ. ಅದರ ಹಿಂದೆ ಸೈಕಲ್ ತುಳಿಯುವವನ ಅಭಿಪ್ರಾಯವು ಬೇರೆಯೇ ಇದ್ದೀತು.

1996ರಲ್ಲಿ ಭಾರತದ ಹೊಗೆ-ನಿಯಮಗಳು ಬಿಗಿಯಾದುವು. ದ್ವಿಚಕ್ರ ವಾಹನವು ಕಿಲೋಮೀಟರಿಗೆ 4.5 ಗ್ರಾಮಿಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನಾಗಲಿ, ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳೆರಡನ್ನೂ ಕೂಡಿಸಿ 3.6 ಗ್ರಾಮಿಗಿಂತ ಹೆಚ್ಚನ್ನಾಗಲಿ ಬಿಡಕೂಡದೆಂದಾಯಿತು. ಫೋರ್-ಸ್ಟ್ರೋಕ್ ಯಂತ್ರವಿದ್ದ ಸಿಡಿ 100ಕ್ಕೆ ಇದು ಅಷ್ಟು ಕಷ್ಟವಾಗಲಿಲ್ಲ. ಆರ್‌ಎಕ್ಸ್ 100ರ ತಯಾರಿಕೆಯು ಆ ವರ್ಷವೇ ನಿಂತಿತು; ಅದರ ಪೀಳಿಗೆಯ 135 ಸಿ.ಸಿ. ಗಾಡಿಗಳು ಇನ್ನು ಕೆಲವು ವರ್ಷ ಮುಂದುವರಿದುವು. ಮೈಸೂರಿನಲ್ಲಿ ಟೂ-ಸ್ಟ್ರೋಕ್ ಯೆಜ್ದಿಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಬಾಗಿಲು ಮುಚ್ಚಿದ್ದೂ 1996ರಲ್ಲಿಯೇ, ಅಲ್ಲಿ ಕಾರ್ಮಿಕ ಸಮಸ್ಯೆಯೇ ಮೊದಲಾದ ಅನ್ಯ ಕಾರಣಗಳೂ ಕೂಡಿದ್ದುವು.

ಖಾಸಗಿ ವಾಹನದ ನೋಂದಣಿಯು ಹದಿನೈದು ವರ್ಷಗಳಿಗೆ ಮುಗಿಯುವುದರಿಂದ, 1996ರಲ್ಲಿ ನೋಂದಾಯಿತವಾದ ಗಾಡಿಗಳ ಅವಧಿಯೂ 2011ಕ್ಕೇ ತೀರಿತು. ಬಳಿಕ ರಸ್ತೆಯಲ್ಲಿ ಉಳಿಯಬೇಕಾದುದೆಲ್ಲವೂ ಐದೈದು ವರ್ಷಗಳಿಗೊಮ್ಮೆ ಪರೀಕ್ಷೆಗೆ ನಿಂತು ನೋಂದಣಿಯನ್ನು ನವೀಕರಿಸಿಕೊಳ್ಳತಕ್ಕದ್ದು.