ಬೆರಳಿಗೊಪ್ಪುವ ಕೀಲಿ

ಆಷಾಢದ ರಾತ್ರಿ. ಮಲೆನಾಡಿನ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಕಡೆಯ ಒಂದು ತೋಟದ ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಜಗಲಿ ದಾಟಿದರೆ ನಡುಮನೆ. ಅದರ ಮಗ್ಗುಲಲ್ಲಿ ಹಲಗೆಯ ಅಡ್ಡಗೋಡೆಯಿಂದ ಬೇರ್ಪಟ್ಟ ಒಂದು ಕಿರುಕೋಣೆ. ಗೋಡೆಯ ಈಚೆ ಅಜ್ಜಯ್ಯ ಮಲಗಿದ್ದಾರೆ. ಆಚೆ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕುಳಿತು ಬೆಂಗಳೂರಿನ ಪ್ರಕಾಶಕರೊಬ್ಬರ ಹಸ್ತಪ್ರತಿಯನ್ನು ಬೆರಳಚ್ಚಿಸುತ್ತಿದ್ದಾಳೆ. 2020ರ ಪಿಡುಗಿನ ಕಾಲದಲ್ಲಿ ಪಟ್ಟಣದ ಕೆಲಸವನ್ನು ಜೊತೆಯಲ್ಲಿಯೇ ಹೊತ್ತುಕೊಂಡು ಹಳ್ಳಿಯ ಮನೆಗೆ ಮರಳಿದ ಅನೇಕ ತರುಣ ತರುಣಿಯರಲ್ಲಿ ಇಂಥವಳೂ ಒಬ್ಬಳು.

ಅವಳ ಹಳೆಯ ಕೀಲಿಮಣೆ ಸೋತಿದೆ. ಕೆಲವು ಕೀಲಿಗಳು ಒತ್ತಿದರೂ ಮೂಡುವುದಿಲ್ಲ. ಕೆಲವು ಒಮ್ಮೆ ಒತ್ತಿದರೆ ಎರಡು ಸಲ ಮೂಡುತ್ತವೆ. ಪ್ರತಿಯೊಂದು ಅಕ್ಷರವನ್ನೂ ತಳಕ್ಕೆ ಮುಟ್ಟುವಂತೆ ಅದುಮಿ ಅದುಮಿ, ಸರಿರಾತ್ರಿಯ ಹೊತ್ತಿಗೆ ಬೆರಳ ತುದಿಗಳು ಮಿಡಿಯತೊಡಗುತ್ತವೆ. ಮೊದಲ ಗಳಿಕೆಯಲ್ಲಿ ಎತ್ತಿಟ್ಟ ಹಣದಿಂದ ಒಂದು ಮೆಕ್ಯಾನಿಕಲ್ ಕೀಲಿಮಣೆಯನ್ನು ಕೊಳ್ಳಬೇಕೆಂದು ಅವಳು ನಿಶ್ಚಯಿಸಿದ್ದಾಳೆ. ಆದರೆ ಕೀಲಿಯ ಕೆಳಗೆ ಯಾವ ಸ್ವಿಚ್ಚು ಇರಬೇಕು? ಗೆಳತಿ ನೀಲಿ ಎನ್ನುತ್ತಾಳೆ, ಚಿಕ್ಕಪ್ಪನ ಮಗ ಕೆಂಪು ಎನ್ನುತ್ತಾನೆ, ಸಹೋದ್ಯೋಗಿಗಳು ಕಂದು ಎನ್ನುತ್ತಾರೆ.

“ನೀವೇ ಹೇಳಿ ಅಜ್ಜಯ್ಯ. ಕೆಂಪೋ, ಕಂದೋ, ನೀಲಿಯೋ?”

“ಬಣ್ಣ ನೋಡಿ ಎತ್ತು ಕೊಂಡವರುಂಟೇ ಕೂಸೇ? ನೊಗಕ್ಕೆ ಹೂಡಿ ನೋಡಬೇಕು.”

ಅಜ್ಜಯ್ಯ ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬೆರಳಚ್ಚು ಯಂತ್ರವನ್ನು ಕುಟ್ಟಿದವರು. ಅವರ ಮಾತಿನಲ್ಲಿ ಹಾಸ್ಯವೆಷ್ಟೋ ಅನುಭವವೂ ಅಷ್ಟೇ ಉಂಟು.

ಕೀಲಿಯೊಳಗಿನ ಮರ್ಮ

ಬೆರಳಚ್ಚು ಯಂತ್ರದಲ್ಲಿ ಬೆರಳಿನ ಬಲವೇ ಅಕ್ಷರದ ಅಚ್ಚನ್ನು ಕಾಗದದವರೆಗೆ ಒಯ್ಯುತ್ತಿತ್ತು. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆ ಮಾರುಕಟ್ಟೆಗೆ ತಂದ ಯಂತ್ರದಿಂದ ಹಿಡಿದು, 1955ರಲ್ಲಿ ನಮ್ಮ ದೇಶದಲ್ಲಿಯೇ ಗೋದ್ರೆಜ್ ಸಂಸ್ಥೆ ತಯಾರಿಸಿದ ಯಂತ್ರದವರೆಗೆ ಇದೇ ಕ್ರಮ. ಕಂಪ್ಯೂಟರಿನ ಕೀಲಿಗೆ ಅಂಥ ಹೊರೆಯಿಲ್ಲ. ಎರಡು ಲೋಹದ ತುದಿಗಳನ್ನು ಒಂದು ಕ್ಷಣ ಕೂಡಿಸಿದರೆ ಅದರ ಕರ್ತವ್ಯ ಮುಗಿಯಿತು.

ಅಗ್ಗದ ಕೀಲಿಮಣೆಯಲ್ಲಿ ಈ ಕೂಡಿಕೆಯನ್ನು ರಬ್ಬರಿನ ಚಿಕ್ಕ ಗುಮ್ಮಟವೊಂದು ನಡೆಸುತ್ತದೆ. ಗುಮ್ಮಟ ಪೂರ್ತಿಯಾಗಿ ಕುಸಿದು ಕೆಳಗಿನ ಹಾಳೆಯನ್ನು ಒತ್ತಿದಾಗಲೇ ಅಕ್ಷರ ಮೂಡುವುದು. ರಬ್ಬರು ಹಳೆಯದಾದಂತೆ ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಾದರೋ ಪ್ರತಿಯೊಂದು ಕೀಲಿಗೂ ಪ್ರತ್ಯೇಕವಾದ ಒಂದು ಸ್ವಿಚ್ಚು: ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಮೇಲೆ ಕೆಳಗೆ ಜಾರುವ ಒಂದು ಕಾಂಡ, ಕಾಂಡದ ಕೆಳಗೆ ಉಕ್ಕಿನ ಸ್ಪ್ರಿಂಗು, ಪಕ್ಕದಲ್ಲಿ ಲೋಹದ ಎರಡು ಎಸಳು. ಸಾಮಾನ್ಯವಾಗಿ ಕೀಲಿ ಇಳಿಯುವ ದೂರ ಒಟ್ಟು 4 ಮಿಲಿಮೀಟರು. ಅಕ್ಷರ ಮೂಡುವುದು ಸುಮಾರು 2 ಮಿಲಿಮೀಟರಿಗೆ. ಅರ್ಧ ದಾರಿಯಲ್ಲಿಯೇ ಕೆಲಸ ಮುಗಿಯುವುದರಿಂದ, ಕೈ ಪಳಗಿದವರು ತಳ ಮುಟ್ಟದೆಯೇ ಬರೆಯಬಲ್ಲರು. ಬೆರಳಿಗೆ ಸಿಗುವ ನೆಮ್ಮದಿಯ ಗುಟ್ಟು ಇಲ್ಲಿದೆ.

1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರಿನೊಡನೆ ಬಂದ ಕೀಲಿಮಣೆ, 1985ರ ಸುಮಾರಿಗೆ ಅದರ ಸ್ಥಾನಕ್ಕೆ ಬಂದ ‘ಮಾಡೆಲ್ ಎಂ’, ಎರಡೂ ಬಾಗಿ ಮುರಿಯುವಂತೆ ಸದ್ದು ಮಾಡುವ ಸ್ಪ್ರಿಂಗಿನವು. ಆ ದಶಕದಲ್ಲಿಯೇ ಚೆರಿ ಎಂಬ ಸಂಸ್ಥೆಯ ‘ಎಂಎಕ್ಸ್’ ಸ್ವಿಚ್ಚುಗಳು ಬಳಕೆಗೆ ಬಂದವು. ಆಮೇಲೆ ಅಗ್ಗದ ರಬ್ಬರಿನ ಅಲೆಯಲ್ಲಿ ಇವೆಲ್ಲ ಹಿಂದೆ ಸರಿದುವು. 2014ರ ಸುಮಾರಿಗೆ ಚೆರಿಯ ವಿನ್ಯಾಸದ ಪೇಟೆಂಟು ಮುಗಿದ ಬಳಿಕ ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನೀ ತಯಾರಕರು ಅದೇ ಮಾದರಿಯ ಸ್ವಿಚ್ಚುಗಳನ್ನು ವಿಪುಲವಾಗಿ ಹೊರತಂದರು. ಬೆಲೆ ಮಧ್ಯಮ ವರ್ಗದ ಕೈಗೆಟುಕಿತು. ಅದರೊಡನೆ ಬಣ್ಣಗಳ ಗೊಂದಲವೂ ಹೆಚ್ಚಿತು.

ಮೂರು ಕುಲ

ಬಣ್ಣಗಳು ನೂರಿದ್ದರೂ ಸ್ವಿಚ್ಚಿನ ಕುಲಗಳು ಮೂರೇ.

ಮೊದಲನೆಯದು ‘ಲೀನಿಯರ್’. ತುಂಬಿದ ಹಂಡೆಯಲ್ಲಿ ಖಾಲಿ ಚೆಂಬನ್ನು ಬುಡ ಕೆಳಗಾಗಿ ಅದುಮಿದಂತೆ, ತಡೆ ಮೆಲ್ಲನೆ ಒಂದೇ ಹದದಲ್ಲಿ ಏರುತ್ತದೆ. ನಡುವೆ ತೊಡಕಿಲ್ಲ, ಸೂಚನೆಯೂ ಇಲ್ಲ. ಚೆರಿಯ ಕೆಂಪು ಈ ಕುಲದ ಹಗುರವಾದದ್ದು, ಸುಮಾರು 45 ಗ್ರಾಂ ಭಾರಕ್ಕೆ ಅಕ್ಷರ ಕೊಡುತ್ತದೆ. ಕಪ್ಪು ಸುಮಾರು 60 ಗ್ರಾಂ ಬೇಡುತ್ತದೆ.

ಎರಡನೆಯದು ‘ಟ್ಯಾಕ್ಟೈಲ್’. ಅಡಕತ್ತರಿಯಲ್ಲಿ ಅಡಿಕೆಯನ್ನಿಟ್ಟು ಅದುಮಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ತಡೆ, ಬಳಿಕ ಫಕ್ಕನೆ ಸಡಿಲ. ಕಾಂಡದ ಪಕ್ಕದಲ್ಲಿರುವ ಒಂದು ಉಬ್ಬು ಲೋಹದ ಎಸಳನ್ನು ದಾಟುವಾಗ ಬೆರಳಿಗೆ ‘ಆಯಿತು’ ಎಂಬ ಸೂಚನೆ ದೊರೆಯುತ್ತದೆ. ಚೆರಿಯ ಕಂದು ಈ ಕುಲದ್ದು. ಉಬ್ಬನ್ನು ದಾಟಲು ಸುಮಾರು 55 ಗ್ರಾಂ ಸಾಕು.

ಮೂರನೆಯದು ‘ಕ್ಲಿಕ್ಕಿ’. ಉಬ್ಬಿನ ಜೊತೆಗೆ ಒತ್ತುವ ಬಾಲ್‌ಪೆನ್ನಿನಂತೆ ಟಕ್ಕೆಂಬ ಸದ್ದು. ಚೆರಿಯ ನೀಲಿ ಸುಮಾರು 60 ಗ್ರಾಂ ಬೇಡುವ ಸ್ವಿಚ್ಚು. ಬೆರಳಚ್ಚು ಯಂತ್ರದ ನೆನಪುಳ್ಳವರಿಗೆ ಮೊದಲ ಕೇಳ್ವೆಯಲ್ಲಿಯೇ ಪ್ರಿಯವಾಗುವಂಥದು.

ಒಂದು ಎಚ್ಚರಿಕೆ. ಕೆಂಪು, ಕಂದು, ನೀಲಿ ಎಂಬ ಹೆಸರುಗಳನ್ನು ಅನೇಕ ತಯಾರಕರು ಪಾಲಿಸುತ್ತಾರಾದರೂ ಅದು ಶಾಸನವಲ್ಲ. ಒಬ್ಬರ ಕಂದಿನ ಉಬ್ಬು ಮತ್ತೊಬ್ಬರ ಕಂದಿಗಿಂತ ಬೇರೆ. ಹಳದಿ, ಹಸಿರು, ನೇರಳೆಗಳಲ್ಲಂತೂ ಒಬ್ಬೊಬ್ಬರದು ಒಂದೊಂದು ದಾರಿ. ಆದಕಾರಣ ಕೇಳಬೇಕಾದದ್ದು ಕುಲವನ್ನೂ ಗ್ರಾಂ ಲೆಕ್ಕವನ್ನೂ. ಬಣ್ಣ ಕೇವಲ ಅಂಗಿ.

ಕನ್ನಡದ ಕೈಭಾರ

ಸ್ವಿಚ್ಚುಗಳ ಗುಣದೋಷಗಳನ್ನು ಹೇಳುವವರು ಬಹುಮಟ್ಟಿಗೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತಾರೆ. ಕನ್ನಡವನ್ನು ಬರೆಯುವ ಕೈಗೆ ಬೀಳುವ ಭಾರ ಬೇರೆ ಬಗೆಯದು.

ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾಯರು ರೂಪಿಸಿದ ಕೀಲಿ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ನಾಡಿನಾದ್ಯಂತ ಹರಡಿದ್ದು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ‘ಎಫ್’ ಕೀಲಿಯನ್ನು ಒತ್ತಬೇಕು. ಇಂಗ್ಲಿಷಿನಲ್ಲಿ ಅಪರೂಪಕ್ಕೆ ದುಡಿಯುವ ಆ ಕೀಲಿ, ಕನ್ನಡದಲ್ಲಿ ಸಾಲಿಗೆ ಹತ್ತಾರು ಸಲ ದುಡಿಯುತ್ತದೆ. ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಕಲಿತವರಿಗೆ ಇದೇ ಹೊರೆ ‘ಡಿ’ ಕೀಲಿಯ ಮೇಲೆ.

ಊರ ಹೆಸರುಗಳನ್ನೇ ನೋಡಬಹುದು. ನುಡಿ ವಿನ್ಯಾಸದಲ್ಲಿ ‘ಅಡ್ಡಗದ್ದೆ’ಯನ್ನು ಬರೆಯಲು ಎ, ಡಬ್ಲ್ಯು, ಎಫ್, ಡಬ್ಲ್ಯು, ಜಿ, ಡಿ, ಎಫ್, ಡಿ, ಇ ಎಂದು ಒಂಬತ್ತು ಒತ್ತು. ಶಿಫ್ಟಿನ ಅಗತ್ಯ ಒಮ್ಮೆಯೂ ಇಲ್ಲ. ಆದರೆ ಒಂಬತ್ತೂ ಎಡಗೈಯವೇ! ಬಲಗೈ ಸುಮ್ಮನೆ ಕುಳಿತು ನೋಡುತ್ತಿರುತ್ತದೆ. ‘ಕೊಪ್ಪ’ಕ್ಕೆ ಐದು ಒತ್ತು, ಎಡಗೈ ಬರುವುದು ಒತ್ತಿನ ಎಫ್‌ಗಾಗಿ ಒಮ್ಮೆ ಮಾತ್ರ. ‘ಶೃಂಗೇರಿ’ಗೆ ಏಳು ಕೀಲಿ, ಅವುಗಳಲ್ಲಿ ಶಕಾರ, ಋಕಾರದ ಚಿಹ್ನೆ, ಸೊನ್ನೆ, ದೀರ್ಘ ಏತ್ವ, ಈ ನಾಲ್ಕಕ್ಕೂ ಶಿಫ್ಟನ್ನು ಹಿಡಿಯಬೇಕು. ಶಿಫ್ಟ್ ಹಿಡಿಯುವುದು ಬೆರಳುಗಳಲ್ಲೆಲ್ಲ ದುರ್ಬಲವಾದ ಕಿರುಬೆರಳು. ಮಹಾಪ್ರಾಣಗಳೂ ದೀರ್ಘಗಳೂ ತುಂಬಿದ ಶಾಸ್ತ್ರಗ್ರಂಥವನ್ನು ಬೆರಳಚ್ಚಿಸುವವರ ಕಿರುಬೆರಳಿಗೆ ಇಡೀ ದಿನ ವಿಶ್ರಾಂತಿಯಿಲ್ಲ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತದೆ. ಕನ್ನಡವನ್ನು ಹೆಚ್ಚಾಗಿ ಬರೆಯುವವರಿಗೆ 60 ಗ್ರಾಂ ಮೀರಿದ ಗಟ್ಟಿ ಸ್ವಿಚ್ಚು ಮೊದಲ ಆಯ್ಕೆಯಾಗಬಾರದು. ಇನ್ನು, ಒತ್ತು ಬಿತ್ತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳೇ ಅರಿಯುವಂತಿದ್ದರೆ ಲೇಸು. ಎಫ್ ಹಗುರವಾಗಿ ಜಾರಿ ಬೀಳದೆ ಹೋದರೆ ‘ಅಡ್ಡ’ ಎಂಬುದು ‘ಅಡಡ’ ಆಗುತ್ತದೆ. ಕರಡು ತಿದ್ದುವವರಿಗೆ ಮರುದಿನದ ಕೆಲಸ. ಹಗುರವಾದ ಟ್ಯಾಕ್ಟೈಲ್ ಸ್ವಿಚ್ಚು ಈ ಎರಡು ಬೇಡಿಕೆಗಳನ್ನೂ ಬಹುಮಟ್ಟಿಗೆ ಸಲ್ಲಿಸುತ್ತದೆ. ಬೆರಳು ನಾಜೂಕಾಗಿ ಓಡುವವರಿಗೆ ಹಗುರವಾದ ಲೀನಿಯರ್ ಹಿತವಾಗಬಹುದು. ಕೀಲಿಯ ಮೇಲೆ ಬೆರಳನ್ನು ಊರಿಕೊಂಡೇ ಯೋಚಿಸುವ ಅಭ್ಯಾಸದವರಿಗೆ ಅದು ಬೇಡದ ಅಕ್ಷರಗಳನ್ನು ಮೂಡಿಸಿ ಕಾಡುತ್ತದೆ.

ಮನೆಯ ಕಿವಿ

ಸ್ವಿಚ್ಚನ್ನು ಒಬ್ಬರು ಒತ್ತುತ್ತಾರೆ, ಮನೆಯವರೆಲ್ಲ ಕೇಳುತ್ತಾರೆ. ಗೆಳತಿಯ ನೀಲಿ ಬೆಂಗಳೂರಿನ ಒಂಟಿ ಕೋಣೆಯಲ್ಲಿ ಸೊಗಸು. ಹಲಗೆಯ ಅಡ್ಡಗೋಡೆಯ ಮನೆಯಲ್ಲಿ, ಮಳೆ ನಿಂತ ನಿಶ್ಶಬ್ದದಲ್ಲಿ, ಅದು ಮಲಗಿದವರ ತಲೆಯ ಮೇಲೆ ಕುಟ್ಟಿದಂತೆ ಕೇಳಿಸೀತು.

ಸದ್ದಿನ ಮೂಲ ಟಕ್ಕೆನ್ನುವ ಸ್ವಿಚ್ಚೊಂದೇ ಅಲ್ಲ. ಕೀಲಿ ತಳಕ್ಕೆ ಬಡಿಯುವಾಗಲೂ ಮೇಲಕ್ಕೆ ಚಿಮ್ಮಿ ನಿಲ್ಲುವಾಗಲೂ ಲೀನಿಯರ್ ಸಹ ಸದ್ದು ಮಾಡುತ್ತದೆ. ಮರದ ಮೇಜು ಆ ಸದ್ದನ್ನು ಮೃದಂಗದ ಒಡಲಿನಂತೆ ತುಂಬಿಕೊಂಡು ಹೊರಗೆ ಕೊಡುತ್ತದೆ. ಮಡಿಸಿದ ಜಮಖಾನದ ತುಂಡೊಂದನ್ನು ಕೀಲಿಮಣೆಯ ಕೆಳಗೆ ಹಾಸಿದರೆ ಖರ್ಚಿಲ್ಲದೆ ಸದ್ದು ತಗ್ಗುತ್ತದೆ. ಕಾಂಡದ ತುದಿಗಳಿಗೆ ಮೆತ್ತನೆಯ ರಬ್ಬರನ್ನು ಕೂಡಿಸಿದ ‘ಸೈಲೆಂಟ್’ ಸ್ವಿಚ್ಚುಗಳೂ ಉಂಟು. ಲೀನಿಯರ್ ಮತ್ತು ಟ್ಯಾಕ್ಟೈಲ್ ಎರಡು ಕುಲಗಳಲ್ಲಿಯೂ ಇವು ಸಿಗುತ್ತವೆ. ತಳ ಮುಟ್ಟುವಾಗ ಸ್ವಲ್ಪ ಮೆತ್ತಗೆನಿಸುವುದೊಂದೇ ಇವುಗಳ ಕೊರತೆ. ಮನೆಯವರ ನಿದ್ರೆಯ ಮುಂದೆ ಅದು ದೊಡ್ಡದಲ್ಲ.

ಮಳೆಗಾಲದ ಶೀತವನ್ನೂ ಮರೆಯಬಾರದು. ತೇವ, ಧೂಳು, ತಿಂಡಿಯ ಕಣವನ್ನು ಹುಡುಕಿ ಬರುವ ಇರುವೆ, ಇವು ಮೂರೂ ಲೋಹದ ಎಸಳುಗಳಿಗೆ ಹಗೆ. ಒಳ್ಳೆಯ ಸ್ವಿಚ್ಚುಗಳಲ್ಲಿ ಕೂಡಿಕೆಯ ಬಿಂದುವಿಗೆ ಚಿನ್ನದ ಲೇಪ ಕೊಡುವುದು ತುಕ್ಕು ತಾಗದಿರಲೆಂದೇ. ಕೆಲಸ ಮುಗಿದ ಮೇಲೆ ಒಂದು ಒಣಬಟ್ಟೆಯನ್ನು ಹೊದಿಸುವುದು, ಕಾಫಿಯ ಲೋಟವನ್ನು ದೂರವಿಡುವುದು ಇದಕ್ಕಿಂತಲೂ ದೊಡ್ಡ ರಕ್ಷೆ. ಆಯುಸ್ಸಿನ ಚಿಂತೆ ಬೇಡ. ಸ್ವಿಚ್ಚು 5 ಕೋಟಿ ಒತ್ತುಗಳನ್ನು ತಾಳುತ್ತದೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಎಫ್ ಕೀಲಿಯೊಂದನ್ನೇ ದಿನಕ್ಕೆ 5,000 ಸಲ ಒತ್ತಿದರೂ ಲೆಕ್ಕದಲ್ಲಿ ಅದು 10,000 ದಿನ, ಎಂದರೆ ಇಪ್ಪತ್ತೇಳು ವರ್ಷ ಬಾಳಬೇಕು.

ನೊಗಕ್ಕೆ ಹೂಡಿ ನೋಡುವ ಬಗೆ

ಮಹಾನಗರದಲ್ಲಾದರೆ ಅಂಗಡಿಗೆ ಹೋಗಿ ಒತ್ತಿ ನೋಡಬಹುದು. ಹಳ್ಳಿಯವರಿಗೆ ಪೆಟ್ಟಿಗೆ ಬಂದ ಮೇಲೆಯೇ ಪರಿಚಯ. ಒಪ್ಪದಿದ್ದರೆ ಹಿಂದಿರುಗಿಸುವ ತಾಪತ್ರಯ. ಆದ್ದರಿಂದ ಮೊದಲ ಸಲ ಕೊಳ್ಳುವವರು ‘ಹಾಟ್‌ಸ್ವಾಪ್’ ಕೀಲಿಮಣೆಯನ್ನೇ ಆರಿಸುವುದು ವಿವೇಕ. ಅದರಲ್ಲಿ ಸ್ವಿಚ್ಚುಗಳನ್ನು ಬೆಸುಗೆ ಹಾಕಿರುವುದಿಲ್ಲ. ಚಿಕ್ಕ ಚಿಮುಟದಿಂದ ಕಿತ್ತು ಬೇರೆಯದನ್ನು ಕೂರಿಸಬಹುದು. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಸ್ವಿಚ್ಚಿನ ಅಡಿಯಲ್ಲಿ ಮೂರು ಕಾಲಿವೆಯೋ ಐದೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು: ಐದು ಕಾಲಿನ ಮಣೆಯಲ್ಲಿ ಮೂರು ಕಾಲಿನವೂ ಕೂರುತ್ತವೆ, ಮೂರು ಕಾಲಿನ ಮಣೆಗೆ ಐದು ಕಾಲಿನದನ್ನು ತೊಡಿಸಲು ಪ್ಲಾಸ್ಟಿಕ್ಕಿನ ಎರಡು ಕಿರುಗಾಲುಗಳನ್ನು ಕತ್ತರಿಸಬೇಕಾಗುತ್ತದೆ.

ಇಡೀ ಮಣೆಗೆ ಬೇಕಾಗುವಷ್ಟು ಸ್ವಿಚ್ಚುಗಳನ್ನು ಮೊದಲೇ ಕೊಳ್ಳದೆ, ಬಗೆಬಗೆಯ ಕೆಲವನ್ನು ಮಾದರಿಗಾಗಿ ತರಿಸಿಕೊಳ್ಳಬಹುದು. ಬರಿಯ ಸ್ವಿಚ್ಚನ್ನು ಒಮ್ಮೆ ಒತ್ತಿ ತೀರ್ಪು ಕೊಡಬಾರದು. ಎಫ್‌ನಲ್ಲಿ ಒಂದನ್ನು, ಶಿಫ್ಟಿನಲ್ಲಿ ಒಂದನ್ನು ಕೂರಿಸಿ ಒಂದು ವಾರ ನಿತ್ಯದ ಬರವಣಿಗೆಯನ್ನು ಬರೆಯಬೇಕು. ಇಡೀ ಮಣೆಗೆ ಒಂದೇ ಸ್ವಿಚ್ಚು ಇರಬೇಕೆಂಬ ನಿಯಮವೂ ಇಲ್ಲ. ಕಿರುಬೆರಳಿನ ಕೀಲಿಗಳಿಗೆ ಹಗುರವಾದವನ್ನೂ ಉಳಿದವಕ್ಕೆ ಉಬ್ಬಿನವನ್ನೂ ತೊಡಿಸಬಹುದು. ಯಾವ ಸ್ವಿಚ್ಚೂ ಔಷಧವಲ್ಲವೆಂಬುದೂ ನೆನಪಿನಲ್ಲಿರಲಿ. ಮೇಜು ಎತ್ತರವಾಗಿದ್ದು, ಮಣಿಕಟ್ಟು ಬಾಗಿ, ವಿಶ್ರಾಂತಿಯಿಲ್ಲದೆ ದುಡಿದರೆ ಚಿನ್ನದ ಕೀಲಿಯೂ ನೋವನ್ನು ತಡೆಯದು. ನೋವು ಬಿಡದಿದ್ದರೆ ವೈದ್ಯರನ್ನು ಕಾಣಬೇಕು.

ಅಡ್ಡಗದ್ದೆಯ ಮನೆಗೆ ಪೆಟ್ಟಿಗೆ ಬಂದ ದಿನ ಮೊದಲು ಕೈಯಿಟ್ಟವರು ಅಜ್ಜಯ್ಯನೇ. ಎಫ್‌ನ ಮೇಲಿರುವ ಸಣ್ಣ ಗೀಟನ್ನು ಎಡತೋರುಬೆರಳು ಕುರುಡಾಗಿಯೇ ಹುಡುಕಿಕೊಂಡಿತು. ಮೊಮ್ಮಗಳು ಒಂದೊಂದೇ ಕೀಲಿಯನ್ನು ಹೇಳಿಕೊಟ್ಟಳು. ಅವರು ಊರ ಹೆಸರನ್ನು ಒಂದೇ ಕೈಯಲ್ಲಿ ಬರೆದು ಮುಗಿಸಿದರು.

“ಹೇಗಿದೆ ಅಜ್ಜಯ್ಯ?”

“ಅಡಿಕೆ ಕತ್ತರಿಸಿದ ಹಾಗಿದೆ. ಆದರೆ ಸದ್ದೇ ಇಲ್ಲವಲ್ಲ!”

“ನಿಮ್ಮ ನಿದ್ರೆಗಾಗಿ ಸೈಲೆಂಟ್ ತರಿಸಿದೆ.”

ಆ ರಾತ್ರಿ ಅಡ್ಡಗೋಡೆಯ ಆಚೆ ಹತ್ತು ಪುಟಗಳ ಕೆಲಸ ಸಾಗಿತು. ಈಚೆ ಕೇಳಿಸಿದ್ದು ಮಳೆಯ ಸದ್ದು ಮಾತ್ರ.