ನೀರಿನ ತಳ ಸೇರಿದ ಎಣ್ಣೆ

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆಯ ಹಿಂದೆಯೇ ಕಾಕಂಬಿಯೂ ಬರುತ್ತದೆ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಅದನ್ನು ಹುಳಿಸಿ, ಬಟ್ಟಿ ಇಳಿಸಿ ಮದ್ಯಸಾರ ತೆಗೆಯುತ್ತಾರೆ. ಈ ಮದ್ಯಸಾರಕ್ಕೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಸುಮಾರು 170 ಡಿಗ್ರಿಗೆ ಕಾಯಿಸಿದರೆ, ಅದರೊಳಗಿನ ನೀರಿನಂಶ ಕಳಚಿ ಎಥಿಲೀನ್ ಅನಿಲ ಹೊರಡುತ್ತದೆ. ಏನೂ ಹೊರಬೀಳದೆ ಎರಡು ವಸ್ತುಗಳು ಸೇರಿ ಒಂದಾಗುವ ಸಂಕಲನ ಕ್ರಿಯೆಯ ಕತೆ ಹುಟ್ಟಿದ್ದು ಈ ಅನಿಲದಿಂದ.

1794ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಲ್ವರು ಗೆಳೆಯರು ಕೂಡಿ ರಸಾಯನ ಪ್ರಯೋಗ ಮಾಡುತ್ತಿದ್ದರು. ಡೈಮನ್ ಮತ್ತು ಬಾಂಟ್ ವೈದ್ಯರು, ಟ್ರೋಸ್ಟ್‌ವೈಕ್ ವ್ಯಾಪಾರಿ, ಲೌವೆರೆನ್‌ಬರ್ಗ್ ಔಷಧ ತಯಾರಕ. ಡೈಮನ್, ಟ್ರೋಸ್ಟ್‌ವೈಕ್ ಜೋಡಿ 1789ರಲ್ಲೇ ವಿದ್ಯುತ್ ಹಾಯಿಸಿ ನೀರನ್ನು ಒಡೆದು ಹೆಸರು ಮಾಡಿತ್ತು. ಮದ್ಯಸಾರದಿಂದ ಉರಿಯುವ ಅನಿಲವೊಂದು ಬರುತ್ತದೆಂಬುದು ಅವರಿಗಿಂತ ಮೊದಲೇ ಗೊತ್ತಿತ್ತು. ಅದಕ್ಕೆ ಕ್ಲೋರಿನ್ ಕೂಡಿಸಿದವರು ಇವರು.

ಎರಡೂ ಅನಿಲಗಳನ್ನು ಸಮಪ್ರಮಾಣದಲ್ಲಿ ನೀರಿನ ಮೇಲೆ ಬೋರಲಿಟ್ಟ ಜಾಡಿಗೆ ತುಂಬಿದರೆ ಕ್ಲೋರಿನ್ನಿನ ಹಸಿರು ಹಳದಿ ಬಣ್ಣ ನೋಡನೋಡುತ್ತಲೇ ಮಾಸುತ್ತದೆ. ಅನಿಲ ಕಡಿಮೆಯಾದಂತೆ ನೀರು ಜಾಡಿಯೊಳಗೆ ಮೇಲೇರುತ್ತದೆ. ಗಾಜಿನ ಗೋಡೆಗೆ ಎಣ್ಣೆಯಂಥ ಹನಿಗಳು ಕಟ್ಟಿ, ಇಳಿದು, ನೀರಿನ ಮೇಲೆ ತೇಲದೆ ತಳ ಸೇರುತ್ತವೆ. ನೀರಿಗಿಂತ ಕಾಲು ಪಟ್ಟು ಹೆಚ್ಚು ಭಾರದ, ಸಿಹಿವಾಸನೆಯ ಆ ದ್ರವಕ್ಕೆ ‘ಡಚ್ಚರ ಎಣ್ಣೆ’ ಎಂದೇ ಹೆಸರು ನಿಂತಿತು. ಇಂದಿನ ಲೆಕ್ಕದಲ್ಲಿ ಅದು 1,2-ಡೈಕ್ಲೋರೋಈಥೇನ್.

ತಾವು ಕಂಡದ್ದೇನೆಂದು ಅವರಿಗೇ ತಿಳಿದಿರಲಿಲ್ಲ. ಆಗ ಕ್ಲೋರಿನ್ನನ್ನು ಆಮ್ಲಜನಕ ಸೇರಿದ ಆಮ್ಲವೆಂದು ನಂಬಿದ್ದರು. ಅದು ಮೂಲವಸ್ತುವೆಂದು ಇಂಗ್ಲೆಂಡಿನ ಡೇವಿ ಸಾರಿದ್ದು 1810ರಲ್ಲಿ. ಎಥಿಲೀನಿನ ಎರಡು ಇಂಗಾಲಗಳ ನಡುವೆ ದ್ವಿಬಂಧವಿದೆ, ಅದರಲ್ಲೊಂದು ಬಿಚ್ಚಿ ಇಂಗಾಲಕ್ಕೊಂದರಂತೆ ಕ್ಲೋರಿನ್ ಕೂರುತ್ತದೆ, ಏನೂ ಹೊರಬೀಳುವುದಿಲ್ಲ ಎಂಬ ಚಿತ್ರ ಮೂಡಲು 1860ರ ದಶಕ ಬರಬೇಕಾಯಿತು. ಪ್ರಯೋಗ ಸರಿಯಿದ್ದರೆ ವಿವರಣೆ ತಡವಾದರೂ ನಡೆಯುತ್ತದೆ ಅನ್ನಿ. ಹೈಡ್ರೋಜನ್ ಬ್ರೋಮೈಡ್‌ನಂಥದ್ದು ಸೇರುವಾಗ ಯಾವ ಭಾಗ ಯಾವ ಇಂಗಾಲಕ್ಕೆ ಎಂಬ ನಿಯಮವನ್ನು ರಷ್ಯಾದ ಮಾರ್ಕೋವ್ನಿಕೋವ್ ಕೊಟ್ಟದ್ದು ಅದಾದ ಮೇಲೆ.

ಎಣ್ಣೆಯೂ ಸುಮ್ಮನೆ ಕೂರಲಿಲ್ಲ. 1835ರಲ್ಲಿ ಫ್ರಾನ್ಸಿನ ರೆನ್ಯೋ ಅದಕ್ಕೆ ಕ್ಷಾರ ಹಾಕಿ ವಿನೈಲ್ ಕ್ಲೋರೈಡ್ ಪಡೆದ. 1872ರಲ್ಲಿ ಜರ್ಮನಿಯ ಬೌಮನ್ ಅದು ಬಿಸಿಲಲ್ಲಿ ಬಿಳಿ ಘನವಾಗುವುದನ್ನು ಕಂಡ. ಅದೇ ಪಿವಿಸಿ. ಕೃಷ್ಣೆಯ ನೀರನ್ನು ಹೊಲಕ್ಕೆ ಒಯ್ಯುವ ಪೈಪು ಅದರದೇ. ಜಗತ್ತಿನ ವಿನೈಲ್ ಕ್ಲೋರೈಡ್‌ನ ದೊಡ್ಡ ಪಾಲು ಇಂದಿಗೂ ಆ ಎಣ್ಣೆಯ ಹಾದಿಯಲ್ಲೇ ತಯಾರಾಗುತ್ತದೆ.

ಪ್ರಥಮ ಪಿಯುಸಿ ಪಠ್ಯದಲ್ಲಿ ಮಾರ್ಕೋವ್ನಿಕೋವ್ ಇದ್ದಾನೆ. ಎಥಿಲೀನ್, ಕ್ಲೋರಿನ್ ಸೇರಿ ಎಣ್ಣೆಯಾದ ಸಂಗತಿ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಆ ನಾಲ್ವರ ಹೆಸರಿಲ್ಲದೆ. ಚಿಕ್ಕೋಡಿ, ನಿಪ್ಪಾಣಿಯ ಮೇಷ್ಟ್ರುಗಳು ಇದೇ ಬಗೆಯ ಸಂಕಲನದಿಂದ ಬ್ರೋಮಿನ್ ನೀರಿನ ಬಣ್ಣ ಹೋಗುವುದನ್ನು ಮಕ್ಕಳಿಗೆ ತೋರಿಸುವಾಗ ಆ ಹೆಸರುಗಳನ್ನೂ ಹೇಳಲಿ.